ಸೊನ್ನೆಯಲ್ಲೇ ನಿಂತ ಗಡಿಯಾರ

ಅಮ್ಮನ ಎಡಗಣ್ಣು ಮುಗಿದಿತ್ತು. ಬಲಗಣ್ಣಿನ ರೆಪ್ಪೆಗೆ ಕೊನೆಯ ಎಳೆ ಬರೆದು ಮಗಳು ‘ಉಳಿಸು’ ಒತ್ತಿದಳು. ಪರದೆಯ ನಡುವೆ ಬೂದುಬಣ್ಣದ ಚೌಕವೊಂದು ಎದ್ದು ನಿಂತಿತು.

ಉಳಿಸಲಾಗಲಿಲ್ಲ — ಸ್ಕ್ರ್ಯಾಚ್ ಡಿಸ್ಕ್ ತುಂಬಿದೆ.

ಮತ್ತೆ ಒತ್ತಿದಳು. ಮತ್ತೆ ಅದೇ. ಬೆಳಗಿನಿಂದ ಮಾಡಿದ ಎರಡು ಕಣ್ಣುಗಳು ಈಗ ಕಂಪ್ಯೂಟರಿನ ನೆನಪಿನಲ್ಲಿ ಮಾತ್ರ ಇದ್ದವು. ಪ್ರೋಗ್ರಾಂ ಮುಚ್ಚಿದರೆ ಅವೂ ಇಲ್ಲ.

ಅದು ಅಪ್ಪನ ಫೋಟೊ ಸ್ಟುಡಿಯೊದ ಒಳಕೋಣೆ. ಊರವರ ಮುಖವನ್ನೆಲ್ಲ ಹಿಡಿದ ಮನುಷ್ಯನ ಬಳಿ ಹೆಂಡತಿಯದೆಂದು ಉಳಿದದ್ದು ಒಂದೇ ನೆಗೆಟಿವ್ — ಸ್ಟುಡಿಯೊ ತೆರೆದ ದಿನ, ಬೆಳಕು ಸರಿಯಿದೆಯೇ ನೋಡಲು ಅವರನ್ನು ಸ್ಟೂಲಿನ ಮೇಲೆ ಕೂರಿಸಿ ತೆಗೆದದ್ದು. ಉಳಿದವು, ಫೋಟೊ ಒಣಗಿಸುವ ಯಂತ್ರವನ್ನು ಅಪ್ಪ ಆರಿಸದೆ ಮನೆಗೆ ಹೋದ ಒಂದು ಸಂಜೆ, ಕಪಾಟಿನ ಸಮೇತ ಸುಟ್ಟುಹೋಗಿದ್ದವು. ಈ ಒಂದನ್ನೂ ಬೂಷ್ಟು ತಿಂದಿತ್ತು. ಅಮ್ಮ ತೀರಿಕೊಂಡು ಮೂರು ತಿಂಗಳಾಗುತ್ತ ಬಂದಿತ್ತು. ನಾಡಿದ್ದು ಅಪ್ಪನಿಗೆ ಎಪ್ಪತ್ತು ತುಂಬುತ್ತದೆ. ಅಷ್ಟರೊಳಗೆ, ಅವರಿಗೆ ಗೊತ್ತಾಗದಂತೆ, ಈ ಮುಖ ಮತ್ತೆ ಮುಖವಾಗಬೇಕಿತ್ತು.

ಮಗಳು ಫೋನ್ ಮಾಡಿದ್ದು ಡಾಕ್ಟ್ರಮ್ಮನಿಗೆ. ಆಕೆ ಕಂಪ್ಯೂಟರ್ ರಿಪೇರಿಯವರು. ಯಾವ ಯಂತ್ರ ಕಂಡರೂ ತಿರುಪು ಬಿಚ್ಚುವ ಮೊದಲು ಒಂದು ಪ್ರಶ್ನೆ ಕೇಳುತ್ತಾರೆಂದು ಬೀದಿಯವರೇ ಇಟ್ಟ ಹೆಸರು ಅದು.

“ಯಾವಾಗಿನಿಂದ?” ಬಂದವರೇ ಕೇಳಿದರು.

“ಇವತ್ತು ನಿಂತೇ ಹೋಯ್ತು. ನಿಧಾನ ಆಗಿದ್ದು ಎರಡು ತಿಂಗಳಿಂದ. ಬ್ರಷ್ ಎಳೆದು ಟೀ ಕುಡಿದು ಬಂದ್ರೆ ಆಗ ಗೆರೆ ಬೀಳುತ್ತೆ.”

“ಹೂಂ. ಮೇಜು ಸಾಲದೆ ಹೋದ್ರೆ ನಾವು ನೆಲದ ಮೇಲೆ ಹರಡ್ಕೊಳ್ಳಲ್ವಾ? ಈ ಪ್ರೋಗ್ರಾಂ ಕೂಡ ಹಾಗೇ, ಡಿಸ್ಕಿನ ಖಾಲಿ ಜಾಗದಲ್ಲಿ ಹರಡ್ಕೊಂಡು ಕೆಲಸ ಮಾಡುತ್ತೆ. ಈಗ ಆ ನೆಲದಲ್ಲಿ ಕಾಲಿಡೋಕೂ ಜಾಗ ಇಲ್ಲ ಅಂತಿದೆ.”

“ಅದೇ ಅರ್ಥ ಆಗ್ತಿಲ್ಲ. ಎಲ್ಲಾ ಫೋಲ್ಡರ್ ಕೂಡಿಸಿದ್ರೂ ಅರ್ಧ ಡಿಸ್ಕ್ ಆಗಲ್ಲ. ಉಳಿದರ್ಧ ಎಲ್ಲಿ ಹೋಯ್ತು?”

“ಅಂದ್ರೆ ಕಳ್ಳತನ.” ಡಾಕ್ಟ್ರಮ್ಮನ ಕಣ್ಣು ಮಿನುಗಿತು. “ಈ ಕಂಪ್ಯೂಟರ್ ಯಾರ್ಯಾರು ಮುಟ್ತೀರಿ?”

“ನಾನಂತೂ ಸಿನಿಮಾ ಇಳಿಸಿಲ್ಲ!” ಬಾಗಿಲಲ್ಲಿ ನಿಂತಿದ್ದ ತಮ್ಮ ಹೇಳಿದ. ಆಮಂತ್ರಣ ಕಾರ್ಡುಗಳ ವಿನ್ಯಾಸ ಅವನ ಕೆಲಸ.

“ಸಿನಿಮಾ ಅಂತ ಯಾರಂದ್ರು?”

“ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ,” ಅಕ್ಕ ಅಂದಳು.

“ಎರಡೇ ಕಣೇ! ಅದೂ ಚಿಕ್ಕವು.”

“ಎರಡು ಸಿನಿಮಾ ಚಿಲ್ಲರೆ ಕಳ್ಳತನ,” ಡಾಕ್ಟ್ರಮ್ಮ ಹುಡುಕುತ್ತಲೇ ಅಂದರು. “ನಾಲ್ಕು ಸಾವಿರ ಫಾಂಟು ತುಂಬಿದ್ದೀಯ. ಅದರಿಂದ ಪ್ರೋಗ್ರಾಂ ತೆರೆಯೋಕೆ ತಡ ಆಗುತ್ತೆ, ಡಿಸ್ಕ್ ತುಂಬಲ್ಲ. ನೀನು ಕಳ್ಳ ಅಲ್ಲ.” ಆಮೇಲೆ ಅಕ್ಕನ ಕಡೆ ತಿರುಗಿದರು. “ಮಾಡಿದ್ದನ್ನ ರದ್ದು ಮಾಡೋ ಹೆಜ್ಜೆ ಎಷ್ಟು ಇಟ್ಟಿದ್ದೀರಿ?”

“ಸಾವಿರ.”

“ಸಾವಿರ? ಐವತ್ತು ಸಾಲಲ್ವಾ?”

“ಅಮ್ಮನ ಮುಖ…” ಮಗಳು ಪರದೆ ನೋಡಿದಳು. “ತಪ್ಪಿದ್ರೆ ವಾಪಸ್ ಬರೋಕೆ ದಾರಿ ಇರ್ಲಿ ಅಂತ.”

ಡಾಕ್ಟ್ರಮ್ಮನೂ ಆ ಮುಖದತ್ತ ನೋಡಿದರು. “ಅದು ಭಾರ ಹೌದು. ಆದ್ರೆ ಪ್ರೋಗ್ರಾಂ ಮುಚ್ಚಿದ್ರೆ ಆ ಭಾರವೂ ಹೋಗ್ಬೇಕು. ಯಾಕೆ ಹೋಗ್ತಿಲ್ಲ?”

ಅವರು ಕೋಣೆಯನ್ನು ಸುತ್ತ ನೋಡಿದರು. ಫೋಟೊ ಹಿನ್ನೆಲೆಯ ಕರಿ ಬಟ್ಟೆ. ಬೆಳಕಿನ ಛತ್ರಿ. ಮೂಲೆಯಲ್ಲಿ ದೊಡ್ಡ ಪ್ರಿಂಟರ್. ಅದರ ಪುಟ್ಟ ಗಡಿಯಾರದಲ್ಲಿ ನಾಲ್ಕು ಸೊನ್ನೆಗಳು ಹತ್ತಿ ಆರುತ್ತಿದ್ದವು.

“ಇದಕ್ಕೆ ಟೈಮ್ ಸೆಟ್ ಮಾಡಲ್ವಾ?”

“ಮಾಡ್ತಿದ್ದೆ. ಬೆಳಿಗ್ಗೆ ಬಂದ್ರೆ ಮತ್ತೆ ಸೊನ್ನೆ. ಹಳೇ ಮೆಷೀನು ಅಂತ ಬಿಟ್ಟೆ.”

“ಸಂಜೆ ನೀವು ಹೋಗುವಾಗ ಏನು ಮಾಡ್ತೀರಿ?”

“ಫೈಲ್ ಉಳಿಸಿ, ಪರದೆ ಮಾತ್ರ ಆರಿಸಿ ಓಡ್ತೀನಿ. ಐದೂವರೆಗೆ ನನ್ನ ಪುಟ್ಟೀನ ಶಾಲೆಯಿಂದ ಕರ್ಕೊಂಡು ಬರ್ಬೇಕು. ಈ ಫೈಲ್ ತೆರೆಯೋಕೇ ಹತ್ತು ನಿಮಿಷ, ಅದಕ್ಕೇ ಮುಚ್ಚಲ್ಲ.”

“ಬೆಳಿಗ್ಗೆ ಬಂದಾಗ ತೆರೆದೇ ಇರುತ್ತಾ?”

“ಇಲ್ಲ… ಕಂಪ್ಯೂಟರೇ ಆಫ್ ಆಗಿರುತ್ತೆ. ಅದೇ ಏನೋ ಅಪ್‌ಡೇಟ್ ಮಾಡ್ಕೊಂಡು ಮಲಗುತ್ತೆ ಅನ್ಕೊಂಡಿದ್ದೆ. ಆನ್ ಮಾಡಿದ್ರೆ ಒಂದು ಮೆಸೇಜ್ ಬರುತ್ತೆ, ‘ಸರಿ’ ಒತ್ತಿಬಿಡ್ತೀನಿ.”

“ಏನಂತ ಬರುತ್ತೆ?”

“ಓದಿಲ್ಲ.”

“ಯಾರೂ ಓದಲ್ಲ,” ಎಂದು ನಿಟ್ಟುಸಿರು ಬಿಟ್ಟು, ಡಾಕ್ಟ್ರಮ್ಮ ಅಡಗಿದ ಫೈಲುಗಳೂ ಕಾಣುವಂತೆ ಮಾಡಿದರು.

ಡಿಸ್ಕಿನ ಬುಡದಲ್ಲಿ ಒಂದರ ಕೆಳಗೊಂದು ಸಾಲಾಗಿ ಬಂದವು. ಒಂದೊಂದೂ ಆನೆಯ ಗಾತ್ರ. ದಿನಕ್ಕೊಂದು, ಭಾನುವಾರ ಮಾತ್ರ ಇಲ್ಲ.

“ಇವು ಪ್ರೋಗ್ರಾಮಿನ ತಾತ್ಕಾಲಿಕ ಕಡತಗಳು. ಸರಿಯಾಗಿ ಮುಚ್ಚಿದ್ರೆ ತಾನು ಹರಡಿದ್ದನ್ನ ತಾನೇ ಗುಡಿಸಿ ಹೋಗುತ್ತೆ. ಉಸಿರು ಕಟ್ಟಿಸಿದ್ರೆ ಗುಡಿಸೋರು ಯಾರು? ಮೊದಲನೇದರ ತಾರೀಕು ಓದಿ.”

“ಹದಿನೇಳು.” ಮಗಳ ದನಿ ಇಳಿಯಿತು. “ಅಮ್ಮ ಹೋದ್ಮೇಲೆ ಅಂಗಡಿ ಮತ್ತೆ ತೆರೆದ ದಿನ.”

“ಕಂಪ್ಯೂಟರ್ ಮಾತ್ರ ಕೆಟ್ಟಿದ್ರೆ ಪ್ರಿಂಟರಿನ ಗಡಿಯಾರ ಯಾಕೆ ಸೊನ್ನೆ ಆಗ್ಬೇಕು? ದಿನಾ ಸಂಜೆ ಇಡೀ ಅಂಗಡಿಯ ಕರೆಂಟು ಹೋಗ್ತಿದೆ. ದೀಪದ ಬುಡದಲ್ಲೇ ಕತ್ತಲು ನೋಡಿ. ಬೀಗ ಹಾಕೋದು ಯಾರು?”

ಅಕ್ಕ ತಮ್ಮ ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ಟೀ ಫ್ಲಾಸ್ಕ್ ಹಿಡಿದು ಅಪ್ಪ ಬಾಗಿಲಿಗೆ ಬಂದರು. ಮಗಳು ತಟ್ಟನೆ ಪರದೆ ಆರಿಸಿದಳು.

“ಹಿರಿಯರೇ,” ಡಾಕ್ಟ್ರಮ್ಮ ಮೆಲ್ಲಗೆ ಕೇಳಿದರು, “ಸಂಜೆ ಹೋಗುವಾಗ ಮೇನ್ ಸ್ವಿಚ್ ಆಫ್ ಮಾಡ್ತೀರಾ?”

ಅಪ್ಪ ಫ್ಲಾಸ್ಕನ್ನು ಮೇಜಿನ ಮೇಲಿಟ್ಟರು. ಮುಚ್ಚಳ ತಿರುಗಿಸಿದರು. ಮತ್ತೆ ತಿರುಗಿಸಿದರು.

“ಮುಟ್ಟಲ್ಲ ಅಂತ ನಿಂಗೆ ಮಾತು ಕೊಟ್ಟಿದ್ದೆ, ಅಲ್ವಾ ಮಗಳೇ? ಕಂಪ್ಯೂಟರ್ ಬಂದ್ಮೇಲೆ ಮುಟ್ಟಿರಲೂ ಇಲ್ಲ.”

“ಮತ್ತೆ ಈಗ ಯಾಕಪ್ಪಾ?”

“ಆ ಬೆಂಕಿ ಆದ್ಮೇಲೆ ನಿಮ್ಮಮ್ಮ ದಿನಾ ಕೇಳ್ತಿದ್ಲು. ನಾನು ಚಪ್ಪಲಿ ಬಿಡೋಕೆ ಮುಂಚೆನೇ — ಮೇನ್ ಆಫ್ ಮಾಡಿದ್ರಾ? ನಾನು ಹೂಂ ಅಂತಿದ್ದೆ. ಹತ್ತು ವರ್ಷ ಸುಳ್ಳೇ ಹೇಳ್ದೆ. ಏನೂ ಅನ್ನಿಸ್ತಿರಲಿಲ್ಲ. ಈಗ ಬಾಗಿಲು ತೆಗೆದ್ರೆ ಕೇಳೋರಿಲ್ಲ.” ಅವರು ಕನ್ನಡಕ ತೆಗೆದು ಒರೆಸಿದರು. “ಕೇಳೋರು ಇಲ್ದೇ ಇರೋವಾಗ ಸುಳ್ಳು ಹೇಳೋಕೆ ಬರ್ತಿಲ್ಲಮ್ಮ.”

ಪ್ರಿಂಟರಿನ ಸೊನ್ನೆಗಳು ಹತ್ತಿ ಆರಿದವು.

“ಪರದೆ ಹಚ್ಚಬೇಕಲ್ಲ,” ಡಾಕ್ಟ್ರಮ್ಮ ಮಗಳ ಕಿವಿಯಲ್ಲಿ ಅಂದರು. “ಉಳಿಸ್ಬೇಕಾದ್ರೆ ತೋರಿಸ್ಲೇಬೇಕು.”

ಮಗಳು ಗುಂಡಿ ಒತ್ತಿದಳು.

ಅಪ್ಪ ನೋಡುತ್ತ ನಿಂತಿದ್ದಂತೆ ಡಾಕ್ಟ್ರಮ್ಮ ಕಡತಗಳನ್ನು ಅಳಿಸಿದರು. ಕೊನೆಯದು ಮಾತ್ರ ಹೋಗಲಿಲ್ಲ: ಬಳಕೆಯಲ್ಲಿದೆ. “ಇದು ಇವತ್ತಿನದು. ಇದು ಇರ್ಲಿ, ಕಣ್ಣುಗಳು ಇದನ್ನೇ ನಂಬ್ಕೊಂಡಿವೆ. ಈಗ ಉಳಿಸಿ.”

ಪಟ್ಟಿ ನಿಧಾನವಾಗಿ ತುಂಬಿತು. ಬೂದು ಚೌಕ ಬರಲಿಲ್ಲ.

“ಅಲ್ಲಾಡಬೇಡ ಅಂದ್ರೂ ಕೇಳ್ತಿರಲಿಲ್ಲ ಆವತ್ತು,” ಅಪ್ಪ ಪರದೆಗೆ ಹೇಳಿದರು. “ಸ್ಟೂಲಿನ ಒಂದು ಕಾಲು ಗಿಡ್ಡ ಅಂತ ನಗು ಅವಳಿಗೆ.”

ಡಾಕ್ಟ್ರಮ್ಮ ಚೀಲ ಹೆಗಲಿಗೇರಿಸಿ ಚೀಟಿ ಬರೆದುಕೊಟ್ಟರು: ಮೊದಲು ಮಗಳು ಪ್ರೋಗ್ರಾಂ ಮುಚ್ಚಿ ಕಂಪ್ಯೂಟರ್ ಆರಿಸಬೇಕು. ಆಮೇಲೆ ಅಪ್ಪ ಮೇನ್ ಆಫ್ ಮಾಡಬೇಕು. ಎರಡೂ ತಪ್ಪಬಾರದು.

ಸಂಜೆ ಐದೂಕಾಲಿಗೆ ಮಗಳು ಚೀಲ ಎತ್ತಿಕೊಂಡು ಓಡುವಾಗ ಗಲ್ಲಾಪೆಟ್ಟಿಗೆಯ ಹತ್ತಿರ ಅಪ್ಪನ ದನಿ ತಡೆಯಿತು.

“ಎಲ್ಲಾ ಮುಚ್ಚಿದ್ಯಾ?”

“ಹೂಂ ಅಪ್ಪಾ,” ಅಂದಳು, ಚಪ್ಪಲಿ ಮೆಟ್ಟುತ್ತ.

ಹೊಸ್ತಿಲವರೆಗೆ ಹೋದಳು. ನಿಂತಳು. ಚಪ್ಪಲಿ ಬಿಟ್ಟು ಒಳಗೆ ಬಂದು, ಪ್ರೋಗ್ರಾಂ ಮುಚ್ಚಿದಳು.