ಹದಿನಾಲ್ಕು ತಿಂಗಳ ಹಳೇ ರೋಬೋ

"ಅದು ಅರವತ್ತು ವರ್ಷದ್ದಲ್ಲ. ಹದಿನಾಲ್ಕು ತಿಂಗಳದ್ದು!"

ಬೆನ್ನ ಹಿಂದಿನಿಂದ ಬಂದ ಆ ಮಾತಿಗೆ ಅವಳ ಕೈಯಲ್ಲಿದ್ದ ತಗಡಿನ ರೋಬೋ ಇನ್ನೇನು ಜಾರಿ ಬೀಳುವುದರಲ್ಲಿತ್ತು.

ಸೇತುವೆಯ ಕೆಳಗಿನ ಭಾನುವಾರದ ಹಳೇ ಸಾಮಾನಿನ ಬಜಾರು. ಮುಳ್ಳಿಲ್ಲದ ಗಡಿಯಾರಗಳು, ಗುಂಡಿ ಕಿತ್ತುಹೋದ ವಿಡಿಯೋ ಗೇಮುಗಳು, ಯಾರೋ ಬೇಡವೆಂದು ಬಿಟ್ಟ ಕ್ಯಾಸೆಟ್ಟುಗಳ ರಾಶಿ. ಅವಳು ಹಲ್ಲಿನ ಡಾಕ್ಟರು. ವಾರಕ್ಕೆ ಆರು ದಿನ ಜನರ ಬಾಯೊಳಗೆ ಇಣುಕಿ, ಏಳನೇ ದಿನ ಇಲ್ಲಿಗೆ ಬಂದು ರೋಬೋಗಳನ್ನು ಹುಡುಕುತ್ತಿದ್ದಳು. ಹಳೇ ಆಟಿಕೆ ಸಂಗ್ರಹಿಸುವವರ ಸಂಘದಲ್ಲಿ ಅವಳ ಮಾತಿಗೆ ಎದುರು ಮಾತಿರಲಿಲ್ಲ. ಈಗಷ್ಟೇ ಸಂಘದ ಇಬ್ಬರು ಗೆಳತಿಯರ ಮುಂದೆ, "ಈ ತುಕ್ಕು ನೋಡ್ರೇ! ಇಂಥ ತುಕ್ಕು ಹಿಡಿಯೋಕೆ ಅರವತ್ತು ವರ್ಷ ಬೇಕು" ಎಂದು ತೀರ್ಪು ಕೊಟ್ಟಿದ್ದಳು.

ಅವಳು ತಿರುಗಿ ನೋಡಿದಳು. ಉದ್ದನೆಯ ಆಸಾಮಿ. ಅಂಗಿಯ ತೋಳಿಗೆ ಹಸಿರು ಬಣ್ಣ ಮೆತ್ತಿತ್ತು.

"ಅಷ್ಟು ಖಡಾಖಂಡಿತವಾಗಿ ಹೇಳೋಕೆ ನೀವ್ಯಾರ್ರೀ?"

"ಅದನ್ನ ಮಾಡಿದವನು."

ಗೆಳತಿಯರು ಕಿಸಕ್ಕನೆ ನಕ್ಕರು. ಮೇಜಿನ ಹಿಂದಿದ್ದ ಗಡ್ಡದ ವ್ಯಾಪಾರಿ ಇದ್ದಕ್ಕಿದ್ದಂತೆ ಸೇತುವೆಯ ಕಂಬ ನೋಡತೊಡಗಿದ.

"ಎಡಗಾಲಿನ ಅಡಿ ಸ್ವಲ್ಪ ಕೆರೆದು ನೋಡಿ. ಪುಟ್ಟ ಮೀನಿನ ಮುದ್ರೆ ಇರತ್ತೆ, ಪಕ್ಕದಲ್ಲೇ ಇಸವಿ. ಈ ಕಂದು ಬಣ್ಣ ಆಮೇಲೆ ಯಾರೋ ಬಳಿದಿದ್ದು."

ಅವಳು ಉಗುರಿನಿಂದ ಕೆರೆದಳು. ಮೀನು! ಪಕ್ಕದಲ್ಲಿ ಹೋದ ವರ್ಷದ ಇಸವಿ!

ಅವಳ ಮುಖ ಇಂಗು ತಿಂದ ಮಂಗನಂತಾಯಿತು. ರೋಬೋವನ್ನು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಅಲ್ಲಿಂದ ಕಾಲ್ಕಿತ್ತಳು.

'ತಗಡು! ತಗಡು ಮನುಷ್ಯ! ಎಲ್ಲರ ಮುಂದೆ ನನ್ನ ಮಾನ ಕಳೆದುಬಿಟ್ಟ...'

ಮಂಗಳವಾರ ಬೆಳಿಗ್ಗೆ ಅದೇ ತಗಡು ಮನುಷ್ಯ ಒಂದು ಕೆನ್ನೆ ಊದಿಸಿಕೊಂಡು ಅವಳ ಕ್ಲಿನಿಕ್ಕಿನ ಬಾಗಿಲಲ್ಲಿ ನಿಂತಿದ್ದ!

ಅವಳನ್ನು ನೋಡಿದ್ದೇ ತಡ, ಅವನು ಒಂದು ಹೆಜ್ಜೆ ಹಿಂದಿಟ್ಟ. "ಅ... ಅಷ್ಟೇನೂ ನೋವಿಲ್ಲ. ನಾಳೆ ಬರ್ತೀನಿ."

"ಕೂತ್ಕೊಳ್ಳಿ," ಎಂದಳು ಅವಳು, ಕೈಗವಸು ಹಾಕುತ್ತಾ. ದನಿ ಸಕ್ಕರೆಯಂತಿತ್ತು.

ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ! ಮರಗಟ್ಟಿಸುವ ಸೂಜಿ ಚುಚ್ಚಿ, ಬಾಯಿ ತುಂಬ ಹತ್ತಿ ತುರುಕಿ, ಆಮೇಲೆ ಅವಳು ವಿಚಾರಣೆಗಿಳಿದಳು.

"ಹೊಸದನ್ನ ಹಳೇದರ ಥರ ಮಾಡೋದು ಮೋಸ ಅಲ್ವಾ?"

"ಆ... ಆ..."

"ಒಪ್ಕೊಂಡ್ರಿ. ಒಳ್ಳೇದು. ನಾಚಿಕೆ ಆಗಲ್ವಾ?"

"ಊ... ಊ..."

"ಆಗತ್ತೆ. ಸರಿ."

ಹುಳುಕು ತುಂಬಿ ಮುಗಿದ ಮೇಲೆ ಅವನು ಎದ್ದು ಕೂತ. ಅರ್ಧ ಬಾಯಿ ಇನ್ನೂ ಮರಗಟ್ಟಿತ್ತು. ಆದರೂ ಉತ್ತರ ಕೊಡದೆ ಹೋಗುವ ಲಕ್ಷಣ ಕಾಣಲಿಲ್ಲ.

"ಮೋಶ ಅಲ್ಲ, ಡಾಕ್ತ್ರೇ. ಹೋದ ತಿಂಗಳು ಒಬ್ರು ತಾತ ಬಂದಿದ್ರು. ಕೈಯಲ್ಲಿ ಒಂದು ಫೋತೋ. ಮೂಲೇಲಿ ರೋಬೋದ ಒಂದೇ ಒಂದು ಕಾಲು ಕಾಣ್ತಿತ್ತು. ಚಿಕ್ಕೋರಿದ್ದಾಗ ಕಳ್ಕೊಂಡಿದ್ದಂತೆ. ಮಿಕ್ಕಿದ್ದನ್ನ ಅವ್ರು ಹೇಳ್ತಾ ಹೋದ್ರು, ನಾನು ಮಾಡ್ತಾ ಹೋದೆ. ಕೈಗೆ ಕೊತ್ತಾಗ... ಅಳ್ತಾ, ಕೀ ಕೊತ್ತು, ನನ್ನ ತೇಬಲ್ ಮೇಲೆ ನಡೆಶಿದ್ರು."

ಅವಳು ತುಟಿ ಕಚ್ಚಿ ನಗು ತಡೆಯಲು ನೋಡಿದಳು. ಆದರೆ ಕಣ್ಣೇಕೋ ಮಂಜಾಯಿತು.

"ಹಳೇದು ಶಿಕ್ಕಿದೋರಿಗೆ ನೀವಿದ್ದೀರ," ಎಂದ ಅವನು. "ಕಳ್ಕೊಂಡೋರಿಗೂ ಯಾರಾದ್ರೂ ಬೇಕಲ್ವಾ?"

ಇಷ್ಟು ಹೇಳಿ ಅವನು ಬಾಗಿಲು ದಾಟಿದ. ಅವಳು ಮುಂದಿನ ರೋಗಿಗೆ ಎರಡು ಸಲ ಅದೇ ಹಲ್ಲನ್ನು ತೋರಿಸಲು ಹೇಳಿದಳು.

ವಾರ ಕಳೆಯುವುದರೊಳಗೆ ಅವನು ಮತ್ತೆ ಬಂದ. ಈ ಸಲ ಬಲಗಡೆ ನೋವಂತೆ. ಎಕ್ಸ್‌ರೇಯಲ್ಲಿ ಹಲ್ಲು ಮುತ್ತಿನಂತಿತ್ತು. ಅವಳು ಗಂಭೀರವಾಗಿ, "ಇನ್ನೊಂದು ಸಲ ನೋಡ್ಬೇಕಾಗತ್ತೆ. ಶುಕ್ರವಾರ ಬನ್ನಿ" ಎಂದಳು.

ಊಟದ ಡಬ್ಬಿ ಕೊಡಲು ಬಂದಿದ್ದ ಅಮ್ಮ ಇದನ್ನೆಲ್ಲ ಬಾಗಿಲ ಸಂದಿಯಿಂದ ನೋಡಿದರು. ಹೊಲಿಗೆ ಕೆಲಸದವರು, ಸೂಜಿಯ ಕಣ್ಣಿಗೆ ದಾರ ಪೋಣಿಸುವವರಿಗೆ ಇದು ಕಾಣದೇ ಇರುತ್ತದೆಯೇ?

"ಯಾರೇ ಅದು?"

"ಪೇಶೆಂಟು, ಅಮ್ಮ."

"ಹಲ್ಲು ಚೆನ್ನಾಗಿದ್ಯಲ್ಲೇ!"

"ಅಮ್ಮಾ!"

"ನಾನೇನಂದೆ? ಮನೇಲಿ ನಲವತ್ತಾರು ರೋಬೋ ಒರೆಸ್ತೀನಿ. ನಲವತ್ತಾರು ಮೊಮ್ಮಕ್ಕಳಿದ್ದ ಹಾಗೆ. ಒಂದಾದ್ರೂ ಬಾಯ್ಬಿಟ್ಟು 'ಅಜ್ಜಿ' ಅನ್ನತ್ತಾ?"

ಆಮೇಲಿನ ಭಾನುವಾರಗಳಲ್ಲಿ ಅವರಿಬ್ಬರೂ ಜೊತೆಯಾಗಿಯೇ ಬಜಾರು ಸುತ್ತಿದರು. ಅವಳು ತುಕ್ಕು ನೋಡುತ್ತಿದ್ದಳು, ಅವನು ಬೆಸುಗೆ ನೋಡುತ್ತಿದ್ದ. ಜಗಳವಾಡುತ್ತಾ ಚಹಾ ಕುಡಿಯುತ್ತಿದ್ದರು. ಸೋಮವಾರದಿಂದಲೇ ಅವಳು ಭಾನುವಾರಕ್ಕೆ ಕಾಯತೊಡಗಿದಳು.

'ಹೇಳಿಬಿಡಲಾ? ಅವನೇ ಹೇಳಲಿ. ನಾನ್ಯಾಕೆ ಮೊದಲು?'

ಒಂದು ಶನಿವಾರ ಮಧ್ಯಾಹ್ನ ತಡೆಯಲಾಗಲಿಲ್ಲ. ಹೇಳದೆ ಕೇಳದೆ ಅವನ ಕಾರ್ಖಾನೆಗೆ ಹೋದಳು. ಕಾರ್ಖಾನೆ ಎಂದರೆ ಗ್ಯಾರೇಜಿನ ಮೇಲಿನ ಒಂದೇ ಕೋಣೆ. ಗೋಡೆಗೆ ತಗಡು ಕತ್ತರಿಸುವ ಕತ್ತರಿಗಳು, ಕಿಟಕಿಯಲ್ಲಿ ಒಣಗಲು ನಿಂತ ರೋಬೋ ತಲೆಗಳು.

ಅವನು ಬಾಗಿಲಿಗೆ ಬೆನ್ನು ಹಾಕಿ ಕೂತಿದ್ದ. ಒಂದು ಕೆಂಪು ರೋಬೋದ ತಲೆಗೆ ಸುತ್ತಿಗೆಯಿಂದ ಮೆಲ್ಲಗೆ ಹೊಡೆದು ತಗ್ಗು ಮಾಡುತ್ತಿದ್ದ. ಆಮೇಲೆ ಕುಂಚ ಎತ್ತಿಕೊಂಡ. ಕಂದು ಬಣ್ಣ!

"ಏನ್ ಮಾಡ್ತಿದ್ದೀರ?"

ಅವನು ಬೆಚ್ಚಿಬಿದ್ದು ರೋಬೋ ಮೇಲೆ ಟವೆಲ್ ಎಸೆದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಮೇಜಿನ ಮೇಲೆ ಗಡ್ಡದ ವ್ಯಾಪಾರಿಯ ಅಂಗಡಿಯ ಚೀಲ ಬಿದ್ದಿತ್ತು.

"ಯಾರಿಗೆ ಅದು?"

"ಅದು... ಹೇಳೋ ಹಾಗಿಲ್ಲ. ಮಾತು ಕೊಟ್ಟಿದ್ದೀನಿ."

"ಆ ಗಡ್ಡದವನಿಗಾ?"

"ಅವನಿಗಲ್ಲ. ಒಂದ್ನಿಮಿಷ ಕೇಳಿ..."

"ಕೇಳೋಕೇನಿದೆ? ಕಣ್ಣಾರೆ ನೋಡಿದ್ನಲ್ಲ! ಮುಂದಗಡೆ ಮುದ್ರೆ ತೋರಿಸಿ ಸಾಚಾ ಅನ್ನಿಸ್ಕೊಳ್ಳೋದು, ಹಿಂದಗಡೆ ತುಕ್ಕು ಬಳಿಯೋದು! ನಿಮಗೆ ತಗಡು ಅಂತ ಹೆಸರಿಟ್ಟಿದ್ದೆ. ಸರಿಯಾಗೇ ಇಟ್ಟಿದ್ದೆ!"

ಮೆಟ್ಟಿಲಿಳಿಯುವಾಗ ಅವನು ಕರೆದದ್ದು ಕೇಳಿಸಿತು. ಅವಳು ತಿರುಗಲಿಲ್ಲ.

ಅವನ ಫೋನನ್ನು ಅವಳು ಎತ್ತಲಿಲ್ಲ. ಒಂಬತ್ತು ದಿನ! ಪಾಪ, ಆ ಒಂಬತ್ತು ದಿನ ಹಲ್ಲು ಕೀಳಿಸಿಕೊಂಡವರ ಗೋಳು ಕೇಳಬಾರದು.

ಹತ್ತನೆಯ ದಿನ ಬೆಳಿಗ್ಗೆ ಅವಳು ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತಳು.

"ಏನೇ ಬರೀತಿದ್ದೀಯಾ?" ಎಂದರು ಅಮ್ಮ.

"ಸಂಘಕ್ಕೆ ಪತ್ರ. ಆ ಮೀನಿನ ಮುದ್ರೆಯವನ ಹತ್ರ ಯಾರೂ ಏನೂ ತಗೋಬೇಡಿ ಅಂತ. ಕಳ್ಳ ಅವನು."

ಅಮ್ಮನ ಕೈಯಲ್ಲಿದ್ದ ಚಮಚ ತಟ್ಟೆಗೆ ಬಿತ್ತು.

"ಅಯ್ಯೋ, ನಿನ್ನ ಪೆನ್ನು ಬಿಸಾಕೇ! ಅಲ್ಲೇ ಕೂತಿರು!"

ಅಮ್ಮ ಒಳಗೆ ಓಡಿ, ಬಟ್ಟೆ ಅಂಗಡಿಯ ಒಂದು ರಟ್ಟಿನ ಡಬ್ಬ ತಂದು ಅವಳ ಮುಂದಿಟ್ಟರು. ಒಳಗೆ ಕೆಂಪು ರೋಬೋ. ತಲೆಯ ಎಡಗಡೆ ತಗ್ಗು. ಒಂದು ಕೊಂಬು ಸೊಟ್ಟ. ಮೊಣಕಾಲಿನ ಹತ್ತಿರ ತುಕ್ಕಿನ ಕಲೆ.

ಅವಳು ಆ ತಗ್ಗಿನ ಮೇಲೆ ಬೆರಳಾಡಿಸಿದಳು. "ಇದು... ನಂದು."

"ಹೂಂ. ನಿಂದೇ ಥರದ್ದು. ನಿಂಗೆ ಏಳು ವರ್ಷ ಆಗಿದ್ದಾಗ ಮನೆ ಬದಲಾಯಿಸಿದ್ವಲ್ಲ, ಆಗ ನೀನೇ ಅದನ್ನ ಬಸ್ಸಲ್ಲಿ ಬಿಟ್ಟೆ ಅಂತ ನಾನು ಹೇಳಿದ್ದೆ. ನೀನು ಬಿಟ್ಟಿದ್ದಲ್ಲ ಕಣೇ. ನಾನೇ ಹಳೇ ಪೇಪರ್ ಜೊತೆ ಹಾಕ್ಬಿಟ್ಟಿದ್ದೆ."

"ಅಮ್ಮಾ! ಇಪ್ಪತ್ತೆರಡು ವರ್ಷ!"

"ಹೇಳೋಕೆ ಬಾಯಿ ಬರ್ಲಿಲ್ಲ. ನೀನು ರೋಬೋ ಮೇಲೆ ರೋಬೋ ತಂದಾಗಲೆಲ್ಲ ಸುಮ್ನೆ ಒರೆಸಿ ಇಡ್ತಿದ್ದೆ. ಆ ಹುಡುಗನ್ನ ಕ್ಲಿನಿಕ್ಕಲ್ಲಿ ನೋಡಿದ್ಮೇಲೆ, ಅವನು ರೋಬೋ ಮಾಡ್ತಾನೆ ಅಂತ ನಿನ್ನ ಬಾಯಿಂದ್ಲೇ ಕೇಳಿ, ನೀನು ಅದನ್ನ ಹಿಡ್ಕೊಂಡಿದ್ದ ಹಳೇ ಫೋಟೋ ತಗೊಂಡು ಅವನ ಹತ್ರ ಹೋದೆ. ಮೆಟ್ಟಿಲಿಂದ ಬಿದ್ದು ಆದ ತಗ್ಗನ್ನೂ ಬಿಡಬೇಡ ಅಂದೆ. ಬಜಾರಿನ ಆ ಗಡ್ಡದವನ ಹತ್ರ ಹಳೇ ಬಿಸ್ಕತ್ ಡಬ್ಬ ಹುಡುಕಿ ತಂದು, ಆ ತಗಡಲ್ಲೇ ಮಾಡಿದ್ದಾನೆ. ನನ್ನ ಮಗಳಿಗೆ ನಾನೇ ಹೇಳೋವರೆಗೂ ಉಸಿರೆತ್ತಬೇಡ ಅಂತ ಆಣೆ ಹಾಕಿಸ್ಕೊಂಡಿದ್ದೆ. ಮೊನ್ನೆ ತಂದ್ಕೊಟ್ಟ. ಧೈರ್ಯ ಸಾಲದೆ ಮಂಚದ ಕೆಳಗಿಟ್ಟಿದ್ದೆ."

ಅವಳು ಎಡಗಾಲು ತಿರುಗಿಸಿ ನೋಡಿದಳು. ಮೀನು. ಪಕ್ಕದಲ್ಲಿ ಈ ವರ್ಷದ ಇಸವಿ, ಸ್ಪಷ್ಟವಾಗಿ.

ಅಳಬೇಕೋ ಅಮ್ಮನನ್ನು ಬೈಯಬೇಕೋ ತಿಳಿಯದೆ ಅವಳು ಎರಡನ್ನೂ ಮಾಡಿದಳು. ಅಮ್ಮನನ್ನು ತಬ್ಬಿ ಬೈದಳು, ಬೈಯುತ್ತಲೇ ಅತ್ತಳು. ಆಮೇಲೆ ಒಂದೊಂದು ಕಾಲಿಗೆ ಒಂದೊಂದು ಜೊತೆಯ ಚಪ್ಪಲಿ ಸಿಕ್ಕಿಸಿಕೊಂಡು ಬೀದಿಗೆ ಓಡಿದಳು.

ಕಾರ್ಖಾನೆಯಲ್ಲಿ ಅವನು ಒಂದು ಪುಟ್ಟ ಚಕ್ರದ ಅಂಚನ್ನು ಅರದಿಂದ ಉಜ್ಜುತ್ತಿದ್ದ. ತಲೆ ಎತ್ತಿದ, ಮತ್ತೆ ತಗ್ಗಿಸಿದ.

"ಅಮ್ಮ ಹೇಳಿದ್ರು," ಎಂದಳು ಅವಳು ಏದುಸಿರು ಬಿಡುತ್ತಾ.

"ಒಳ್ಳೇದು."

"ಕೋಪಾನಾ?"

"ಬೇಜಾರು." ಅವನು ಅರ ಕೆಳಗಿಟ್ಟ. "ಒಂದೇ ಒಂದು ನಿಮಿಷ ಕೇಳಿದ್ದೆ. ಅದನ್ನೂ ಕೊಡಲಿಲ್ಲ ನೀವು."

ಅವಳು ತಲೆತಗ್ಗಿಸಿದಳು. "ಬೇರೆಯವರ ಬಾಯಿ ತೆರೆಸೋದೇ ನನ್ನ ಕೆಲಸ. ನಿಮ್ಮ ಬಾಯಿ ಮಾತ್ರ ಮುಚ್ಚಿಸ್ಬಿಟ್ಟೆ. ತಪ್ಪಾಯ್ತು."

ಅವನ ತುಟಿಯ ಅಂಚು ನಡುಗಿತು. ನಗುವೇ!

"ಈಗ ಕೊಡ್ತೀನಿ ಆ ನಿಮಿಷ," ಎಂದಳು ಅವಳು, ಸ್ಟೂಲು ಎಳೆದು ಎದುರಿಗೆ ಕೂರುತ್ತಾ. "ಹೇಳಿ."

"ಆ ತಗ್ಗು ಸರಿಯಾಗಿ ಬರಲಿ ಅಂತ ಹನ್ನೊಂದು ತಲೆ ಹಾಳು ಮಾಡಿದೆ. ಬೇರೆ ಯಾರಿಗೂ ಇಷ್ಟು ಮಾಡಿಲ್ಲ. ಯಾಕೆ ಅಂತ... ನಿಮಗೆ ಗೊತ್ತಾಗಿರ್ಬೇಕಲ್ಲ?"

"ಗೊತ್ತು. ಆದ್ರೂ ಬಾಯ್ಬಿಟ್ಟು ಹೇಳಿ."

"ನಿಮ್ಮನ್ನ ಕಂಡ್ರೆ ನನಗೆ ಪ್ರೀತಿ."

ಕೆಳಗಿನ ಗ್ಯಾರೇಜಿನಲ್ಲಿ ಯಾರೋ ಹಾರನ್ ಪರೀಕ್ಷೆ ಮಾಡಿದರು. ಇಬ್ಬರೂ ಬೆಚ್ಚಿ, ಇಬ್ಬರೂ ನಕ್ಕರು.

"ಪ್ರೀತಿ ಅಂತೀರ, ಇನ್ನೂ 'ನಿಮ್ಮನ್ನ' ಅಂತೀರಲ್ಲ!" ಎಂದಳು ಅವಳು. ಕಣ್ಣಲ್ಲಿ ನೀರಿತ್ತು.

"ನೀವೂ 'ಅಂತೀರ' ಅಂತಾನೇ ಅಂದ್ರಿ."

"ನಾನು ಹೆಂಗ್ಸು, ನಾಚಿಕೆ ಆಗತ್ತೆ. ನೀನು ಮೊದಲು ಶುರು ಮಾಡು."

ಅವನ ಮುಖ ಅರಳಿತು. "ಈಗಷ್ಟೇ ನೀನೇ ಶುರು ಮಾಡ್ದೆ ಕಣೇ!"

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬೆರಳ ಸಂದಿಯಿಂದ ಸಣ್ಣ ದನಿ ಬಂತು:

"ಹೌದಲ್ವಾ... ಹಾಗಾದ್ರೆ ಇನ್ನೊಂದು ಸಲ ಹೇಳೋ."