ಅಲ್ಲಾಡದ ಚುಕ್ಕಿ

"ರೀ, ನಿಮ್ಮ ಲಿನಕ್ಸಿಗೆ ನನ್ನ ಕಂಡ್ರೆ ಆಗಲ್ವಾ?"

ಮಕ್ಕಳ ಚಿತ್ರಪುಸ್ತಕ ಮಾಡುವ ಆ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಲಿನಕ್ಸ್ ಎಂಬ ಹೊಸ ಆಪರೇಟಿಂಗ್ ಸಿಸ್ಟಮ್ಮಿಗೆ ಬದಲಾಯಿಸಿ ಎರಡು ದಿನವಾಗಿತ್ತು. ಬದಲಾಯಿಸಿದವನ ಮೇಜಿನ ಮುಂದೆ ಚಿತ್ರಗಾರ್ತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು. ಇನ್ನೊಂದು ಕೈಯಲ್ಲಿ ಚಿತ್ರ ಬರೆಯುವ ಟ್ಯಾಬ್ಲೆಟ್ಟಿನ ಪೆನ್ನು.

"ಯಾಕ್ರೀ, ಏನಾಯ್ತು?"

"ಬೆಕ್ಕಿಗೆ ಮೀಸೆ ಬರೆದ್ರೆ ಹಗ್ಗ ಬರ್ತಿದೆ. ಬಂದು ನೋಡಿ."

ಕೇಳಿದ್ದಕ್ಕೂ ಕೇಳದ್ದಕ್ಕೂ ಪಾಠ ಮಾಡುವ ಚಟವಿದ್ದುದರಿಂದ ಅವನಿಗೆ ಆಫೀಸಿನಲ್ಲಿ ಮೇಷ್ಟ್ರು ಎಂದೇ ಹೆಸರು. ಪೆನ್ನನ್ನು ಎಷ್ಟು ಒತ್ತಿದರೆ ಗೆರೆ ಎಷ್ಟು ದಪ್ಪ ಬರಬೇಕೆಂಬುದನ್ನು ಕಪ್ಪು ಪರದೆಯಲ್ಲಿ ನಂಬರು ಟೈಪ್ ಮಾಡಿ ಹೇಳಬೇಕು ಎಂದು ಹತ್ತು ನಿಮಿಷ ವಿವರಿಸಿದ. ಅವಳು ಗಲ್ಲಕ್ಕೆ ಕೈಕೊಟ್ಟು ಕೇಳಿಸಿಕೊಂಡಳು.

"ನಂಬರು ನಿಮಗಿರಲಿ ಮೇಷ್ಟ್ರೇ. ಮೌಸಲ್ಲಿ ಹಿಡಿದು ಎಳೆಯೋ ಥರ ಏನಾದ್ರೂ ಮಾಡಿಕೊಡಿ."

ಮಾಡಿಕೊಟ್ಟ. ಪುಟ್ಟದೊಂದು ವಿಂಡೋ, ಅದರಲ್ಲಿ ಬಾಗಿದ ಒಂದು ಗೆರೆ, ಗೆರೆಯ ಮೇಲೆ ಒಂದು ಚುಕ್ಕಿ. ಚುಕ್ಕಿಯನ್ನು ಕೆಳಗೆಳೆದರೆ ಪೆನ್ನಿನ ಗೆರೆ ತೆಳು, ಮೇಲೆಳೆದರೆ ದಪ್ಪ. ಕೆಳಗೆ ಸೇವ್ ಬಟನ್. ಅವಳ ಕೈಯ ಅಳತೆಗೆ ಅದನ್ನು ಕೂರಿಸಲು ವಾರವಿಡೀ ಮಧ್ಯಾಹ್ನ ಅವಳ ಪಕ್ಕ ಕುಳಿತ. ಮಲಗಿದ ಮಗುವಿನ ಕೆನ್ನೆ ಮುಟ್ಟುವ ಹಾಗೆ ಅವಳು ಪೆನ್ನು ಊರುತ್ತಿದ್ದಳು. ಆ ಕೈಯನ್ನು ನೋಡಿ ನೋಡಿಯೇ ಮೇಷ್ಟ್ರು ಕೆಟ್ಟ.

"ಕೈ ನೋಡ್ತಿದೀರಾ, ಮುಖ ನೋಡ್ತಿದೀರಾ?"

"ಕೈ ನೋಡೋದೇ ನನ್ನ ಕೆಲಸ."

"ಕಣ್ಣು ಬೇರೆ ಕಡೆ ಡ್ಯೂಟಿ ಮಾಡ್ತಿದೆ ಅಷ್ಟೇ."

ಅವನ ಕಿವಿಯ ತುದಿಯವರೆಗೂ ಕೆಂಪಾಯಿತು. ಅವಳು ಓರೆಗಣ್ಣಲ್ಲಿ ಅದನ್ನೂ ಗಮನಿಸಿ, ತುಟಿ ಕಚ್ಚಿಕೊಂಡು ಬೆಕ್ಕಿಗೆ ಮೀಸೆ ಬರೆದಳು.

ಬುದ್ಧಿವಂತರು ಪ್ರೀತಿಸಿದರೆ ಏನೇನು ಅನಾಹುತವಾಗುತ್ತದೆ ನೋಡಿ. ವಿಂಡೋ ಮುಗಿಯಿತು, ಚೆನ್ನಾಗಿಯೇ ಕೆಲಸ ಮಾಡಿತು, ಅವಳು ಥ್ಯಾಂಕ್ಸ್ ಹೇಳಿ ತನ್ನ ಪಾಡಿಗೆ ತಾನು ಕುಳಿತಳು. ನಾಲ್ಕು ದಿನ ಕರೆಯಲೇ ಇಲ್ಲ. ಬಾಯಿಬಿಟ್ಟು "ನೀವು ಇಷ್ಟ" ಎನ್ನಲು ಎದೆಗಾರಿಕೆಯಿಲ್ಲದ ಆಸಾಮಿ ಐದನೆಯ ದಿನ ಆ ವಿಂಡೋದೊಳಗೆ ಕೈಯಾಡಿಸಿದ. ಸೇವ್ ಆದ ಅಳತೆ ಪ್ರತಿದಿನ ಬೆಳಿಗ್ಗೆ ಕೂದಲೆಳೆಯಷ್ಟು ಕೆಡುವ ಹಾಗೆ ಮಾಡಿದ. ಗೆರೆ ನಡುನಡುವೆ ಉಬ್ಬಬೇಕು, ಸೊರಗಬೇಕು, ಅವಳು ಕರೆಯಬೇಕು. ಚುಕ್ಕಿ ಜರುಗಿದ್ದು ಕಂಡರೆ ಅವಳೇ ಎಳೆದು ಸರಿಮಾಡಿಕೊಂಡಾಳು ಎಂದು, ಏನೇ ಆದರೂ ಚುಕ್ಕಿ ಮಾತ್ರ ಇದ್ದಲ್ಲೇ ಕಾಣುವಂತೆಯೂ ನೋಡಿಕೊಂಡ.

"ಮೇಷ್ಟ್ರೇ, ಪೆನ್ನು ಮತ್ತೆ ಮುನಿಸ್ಕೊಂಡಿದೆ!"

ಅವನು ಓಡುತ್ತಿದ್ದ. ಹತ್ತು ನಿಮಿಷ ಪಕ್ಕದಲ್ಲಿ ಕೂತು, ಏನೋ ತಡಕಾಡಿದ ಹಾಗೆ ಮಾಡಿ, ಸರಿಮಾಡಿ ಬರುತ್ತಿದ್ದ. ಮೂರು ವಾರ ಹೀಗೆ ಸುಖವಾಗಿ ಕಳೆಯಿತು.

ನಾಲ್ಕನೆಯ ವಾರ ಅವಳು ಕರೆಯಲಿಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಚಡಪಡಿಸಿ ಅವನೇ ಹೋದ. ಮೇಜು ಖಾಲಿಯಾಗಿತ್ತು. ಬಣ್ಣದ ಪೆನ್ಸಿಲುಗಳು ರಟ್ಟಿನ ಡಬ್ಬಿ ಸೇರಿದ್ದವು.

"ಎಲ್ಲಿಗೆ ಹೊರಟ್ರಿ?"

"ಮನೆಗೆ. ಕೆಲಸ ಬಿಟ್ಟೆ. ನನ್ನ ಪುಸ್ತಕ ಬೇರೆಯವರಿಗೆ ಕೊಟ್ಟಾಯ್ತು."

ಆ ಪುಸ್ತಕ ಅವನಿಗೆ ಗೊತ್ತಿತ್ತು. ಮುಖಪುಟದ ಮೇಲೆ ಅವಳ ಹೆಸರು ಬರಬೇಕಿದ್ದ ಮೊದಲನೆಯ ಪುಸ್ತಕ. ಅದಕ್ಕಾಗಿ ಆರು ವರ್ಷ ಬೇರೆಯವರ ಚಿತ್ರಗಳಿಗೆ ಬಣ್ಣ ತುಂಬಿದ್ದಳು.

"ನಮ್ಮಪ್ಪ ಅಂಗಡಿಗಳಿಗೆ ಬೋರ್ಡ್ ಬರೀತಿದ್ರು," ಎಂದಳು. "ಮೂವತ್ತೈದಕ್ಕೆ ಕೈ ನಡುಗೋಕೆ ಶುರುವಾಯ್ತು. ಆಮೇಲೆ ಹದಿನೆಂಟು ವರ್ಷ ಅಮ್ಮನೇ ತುತ್ತು ಮಾಡಿ ತಿನ್ನಿಸಿದ್ರು. ದಿನಾ ನಿಮ್ಮ ವಿಂಡೋ ತೆಗೆದು ನೋಡ್ತೀನಿ. ಚುಕ್ಕಿ ಇಟ್ಟಲ್ಲೇ ಇದೆ. ನೀವು ಪಕ್ಕದಲ್ಲಿ ಕೂತಾಗ ಆ ಧೈರ್ಯಕ್ಕೆ ಗೆರೆ ಸರಿ ಬರುತ್ತೆ, ಬೆಳಿಗ್ಗೆ ಮತ್ತೆ ಅದೇ. ಅಂದ್ಮೇಲೆ ಕೆಟ್ಟಿರೋದು ನನ್ನ ಕೈ."

ಡಬ್ಬಿಯ ಮುಚ್ಚಳ ಹಾಕಿ ಅವಳು ಅವನತ್ತ ತಿರುಗಿದಳು.

"ನೀವು ನನ್ನ ಇಷ್ಟಪಡ್ತೀರಿ ಅಂತ ಗೊತ್ತು. ನಿಮ್ಮ ಬಾಯಿಂದ ಬರಲಿ ಅಂತ ಕಾಯ್ತಿದ್ದೆ. ನಂಗೂ ಇಷ್ಟಾನೇ. ಈಗ ಬೇಡ ಮೇಷ್ಟ್ರೇ."

"ನಾನಿದೀನಲ್ಲ," ಎಂದುಬಿಟ್ಟ ಅವನು. "ನಾನು ನೋಡ್ಕೋತೀನಿ."

ಅವಳು ಅವನ ಭುಜಕ್ಕೆ ಹಣೆ ಹಚ್ಚಿ ಅತ್ತಳು. ಇದಕ್ಕಾಗಿಯೇ ಅವನು ಹಂಬಲಿಸಿದ್ದ, ಮತ್ತು ಅದು ಕೈಗೆ ಬಂದಿತ್ತು. ಸುಮ್ಮನಿದ್ದಿದ್ದರೆ ಅವಳು ಅವನವಳಾಗುತ್ತಿದ್ದಳೇನೋ. ಅವಳ ಬಿಸಿ ಉಸಿರು ಅಂಗಿಯೊಳಗೆ ಇಳಿಯುವಷ್ಟು ಹೊತ್ತು ಸುಮ್ಮನೆಯೂ ಇದ್ದ. ಆಮೇಲೆ ತಡೆಯಲಾಗದೆ ಎಲ್ಲವನ್ನೂ ಹೇಳಿದ.

ಅವಳು ತಲೆಯೆತ್ತಿ ಅವನನ್ನೇ ದಿಟ್ಟಿಸಿದಳು. ಕೆನ್ನೆಗೆ ಬಾರಿಸುತ್ತಾಳೆಂದು ಅವನು ಕಾದ. ಬಾರಿಸಲಿ ಎಂದು ಬಯಸಿದ.

"ಎಷ್ಟು ಚೆನ್ನಾಗಿ ಕಥೆ ಕಟ್ತೀರಾ!" ಎಂದಳು.

"ಕಥೆ ಅಲ್ಲ ಕಣ್ರೀ! ಇಲ್ಲಿ ನೋಡಿ." ಅವಸರದಲ್ಲಿ ಕಂಪ್ಯೂಟರ್ ಹಚ್ಚಿ, ತಾನು ಬರೆದಿದ್ದ ಕಳ್ಳಸಾಲುಗಳನ್ನು ತೋರಿಸಿದ.

"ನಂಗೆ ಇದು ಓದೋಕೆ ಬರುತ್ತಾ?"

"ಬೇಡ, ಓದ್ಬೇಡಿ. ತೆಗೆದುಹಾಕ್ತೀನಿ. ಈಗ ಬರೀರಿ. ಒಂದೇ ಒಂದು ಗೆರೆ."

ಅವಳು ಕುಳಿತಳು. ಪೆನ್ನು ಹಿಡಿದ ಬೆರಳುಗಳ ಗೆಣ್ಣು ಬೆಳ್ಳಗಾಗಿತ್ತು. ಎಡದಿಂದ ಬಲಕ್ಕೆ ಒಂದು ಗೆರೆ ಎಳೆದಳು.

ಗೆರೆಯ ದಪ್ಪ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮನಾಗಿತ್ತು. ವಿಂಡೋ ಈಗ ಸರಿಯಾಗಿತ್ತು. ಆದರೆ ಗೆರೆ ಉದ್ದಕ್ಕೂ ನಡುಗಿತ್ತು. ನಾಲ್ಕು ವಾರದ ಹೆದರಿಕೆ ಕೈಗಿಳಿದು ಕೂತಿತ್ತು.

"ಇದು ಭಯಕ್ಕೆ!" ಎನ್ನುವಷ್ಟರಲ್ಲಿ ಅವನ ಕಣ್ಣು ತುಂಬಿತು. "ನಿಮ್ಮ ಕೈಗೆ ಏನೂ ಆಗಿಲ್ಲ. ಡಾಕ್ಟರ ಹತ್ರ ಹೋಗೋಣ. ಇದೆಲ್ಲ ನಾನೇ ಮಾಡಿದ್ದು, ನಂಬ್ರೀ!"

ಅವಳು ಪೆನ್ನನ್ನು ಮೆಲ್ಲಗೆ ಕೆಳಗಿಟ್ಟಳು. ನಡುಗುವ ಕೈಯಿಂದಲೇ ಅವನ ಕಣ್ಣೊರೆಸಿದಳು. ಅಷ್ಟು ಅಕ್ಕರೆಯಿಂದ ಅವನನ್ನು ಈವರೆಗೆ ಯಾರೂ ನೋಡಿರಲಿಲ್ಲ.

"ನನ್ನ ಸಮಾಧಾನಕ್ಕೋಸ್ಕರ ಇಂಥಾ ಪಾಪಾನ ಮೈಮೇಲೆ ಹಾಕ್ಕೋತೀರಲ್ಲ," ಎಂದಳು. "ಇಷ್ಟು ಒಳ್ಳೆಯವರ ಜೀವನ ಹಾಳುಮಾಡೋಕೆ ನನ್ನ ಕೈಲಾಗಲ್ಲ."

ಡಬ್ಬಿ ಎತ್ತಿಕೊಂಡು ಹೊರಟಳು. ಅವನು ಮೆಟ್ಟಿಲವರೆಗೂ ಹಿಂದೆ ಓಡಿ, ನಾನು ಕೆಟ್ಟವನು, ನಿಜವಾಗಿಯೂ ಕೆಟ್ಟವನು ಎಂದು ಕೂಗಿದ. ಅವಳು ಒಮ್ಮೆ ತಿರುಗಿ ನೋಡಿ, ಅಳುತ್ತಲೇ ನಕ್ಕು, ಇಳಿದುಹೋದಳು.