ಎಣ್ಣೆಸೀಸೆಯ ನಾಲ್ಕನೇ ಗುರುತು

“ಮಿಕ್ಕಿದ್ದೆಲ್ಲ ತೊಗೊಂಡು ಹೋಗಿ ಬಾಬೂ, ಅದೊಂದನ್ನ ಬಿಡಿ. ಬಿಡಲ್ಲ ಅಂದ್ರೆ ಮುಚ್ಚಳ ಮಾತ್ರ ತೆಗೀಬೇಡಿ.”

ಮಾಧವೀಲತಾ ಇದನ್ನು ತೆಲುಗಿನಲ್ಲಿ ಹೇಳಿದಳು, ಅದೂ ಪಿಸುದನಿಯಲ್ಲಿ. ವಿಜಯವಾಡದ ಬೆಂಜ್ ಸರ್ಕಲ್ಲಿನ ಹಾರ್ನುಗಳ ಗದ್ದಲ ಎರಡು ಓಣಿ ದಾಟಿ ಅವಳ ಮನೆಯ ಹಿಂದಿನ ಕೋಣೆಯವರೆಗೂ ಬರುತ್ತಿತ್ತು. ಒಳಗೆ ತುಕ್ಕು, ಹಳೇ ತೊಗಲು, ಕರ್ಪೂರ ಬೆರೆತ ವಾಸನೆ. ಗಂಡ ಬದುಕಿದ್ದಾಗ ಸಂತೆ ಸಂತೆ ಅಲೆದು ಕೂಡಿಹಾಕಿದ ಸಾಮಾನನ್ನು ಆ ವಿಧವೆ ಈಗ ಒಂದೊಂದಾಗಿ ಮಾರುತ್ತಿದ್ದಳು.

ಅಶ್ವತ್ಥನ ಅಂಗೈಯಲ್ಲಿದ್ದದ್ದು ಬೆರಳುದ್ದದ ಹಿತ್ತಾಳೆ ಸೀಸೆ. ಹಿಂದಿನ ಕಾಲದ ಸಿಪಾಯಿಗಳು ಬಂದೂಕಿನ ಹಿಂಬದಿಯ ಮರದಲ್ಲಿ ಕೊರೆದ ಗೂಡಿನೊಳಗೆ ಇಟ್ಟುಕೊಳ್ಳುತ್ತಿದ್ದ ಎಣ್ಣೆಸೀಸೆ. ಅವನಿಗೆ ಬಂದೂಕು ಬೇಕಿರಲಿಲ್ಲ, ಅದರ ಚಿಲ್ಲರೆ ಸಾಮಾನಿನದೇ ಹುಚ್ಚು: ಎಣ್ಣೆಸೀಸೆ, ಪಟ್ಟಿಯ ಕೊಂಡಿ, ಬಯೊನೆಟ್ಟಿನ ಒರೆ. ಅವುಗಳ ಮೇಲೆ ಒತ್ತಿದ ಅಕ್ಕಿಕಾಳಿನಷ್ಟು ಮುದ್ರೆ ನೋಡಿ ಯಾವ ಊರಿನ ಯಾವ ಕಾರ್ಖಾನೆಯದೆಂದು ಹೇಳುವುದರಲ್ಲಿ ಅವನನ್ನು ಮೀರಿಸುವವರು ಇರಲಿಲ್ಲ. ದಾವಣಗೆರೆ ಕಡೆಯವನು, ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯಲ್ಲಿ ಹದಿನೈದು ವರ್ಷದಿಂದ ಇಂಜಿನಿಯರು.

“ಒಳಗೆ ಭೂತ ಇದೆಯೇನಮ್ಮಾ? ಇಷ್ಟರಲ್ಲಿ ಹಿಡಿಸಬೇಕು ಅಂದ್ರೆ ಅದು ಸೊಳ್ಳೆ ಗಾತ್ರದ್ದೇ ಇರಬೇಕು!”

ಮಾಧವೀಲತಾ ನಗಲಿಲ್ಲ. “ಚಿಲ್ಲಂಗಿ,” ಎಂದಳು. ನಮ್ಮಲ್ಲಿ ಬಾನಾಮತಿ ಅನ್ನುತ್ತಾರಲ್ಲ, ಅದು. “ನಿಮಗೆ ಬೇಕಾದ ಗುರುತೆಲ್ಲ ಹೊರಗೇ ಇದೆ. ಒಳಗಿರೋದು ಓದೋಕೆ ಅಂತ ಹಾಕಿದ್ದಲ್ಲ.”

ಅಲ್ಲೇ ಅವಳು ತಪ್ಪಿದಳು. ಒಳಗೂ ಒಂದು ಗುರುತಿದೆ ಎಂದಾಯಿತು. ಅಶ್ವತ್ಥ ಸೀಸೆಯನ್ನು ಜೇಬಿಗಿಳಿಸಿ ಸಂಜೆಯ ರೈಲು ಹತ್ತಿದ.

ಭಾನುವಾರ ಮಧ್ಯಾಹ್ನ ವಿಶಾಖಪಟ್ಟಣದ ಗಾಜುವಾಕದ ಬಾಡಿಗೆ ಮನೆಯಲ್ಲಿ ಅಪ್ಪ-ಮಗಳ ಕೆಲಸ ಶುರುವಾಯಿತು. ಅಶ್ವತ್ಥನಿಗೆ ಚಾಳೀಸು ಬಂದ ಮೇಲೆ ಕನ್ನಡಕ ಹಾಕಿ ಮಸೂರ ಹಿಡಿದರೂ ಮುದ್ರೆ ಕಾಣುತ್ತಿರಲಿಲ್ಲ. ಹದಿಮೂರು ವರ್ಷದ ಧನ್ಯಾಳೇ ಅವನ ಕಣ್ಣು. ಅವನು ಸೀಮೆಸುಣ್ಣದ ಪುಡಿ ತಿಕ್ಕಿ ಕೊಡುವನು, ಅವಳು ನೋಡಿ ಹೇಳುವಳು, ಅವನು ಬರೆದುಕೊಳ್ಳುವನು. ಇಲ್ಲಿಯೇ ಹುಟ್ಟಿ ಬೆಳೆದ ಹುಡುಗಿ. ಶಾಲೆಯಲ್ಲಿ ತೆಲುಗು, ಬೀದಿಯಲ್ಲಿ ತೆಲುಗು, ಅಮ್ಮನ ಹತ್ತಿರ ಜಗಳವಾಡುವಾಗಲೂ ತೆಲುಗು. ಕನ್ನಡ ಓದಲು ಬರೆಯಲು ಬಾರದು. ಹೊರಗೆ ಅವನನ್ನು ‘ನಾನ್ನಾ’ ಎಂದು ಕೂಗುವವಳು, ಈ ಮೇಜಿನ ಮುಂದೆ ಕೂತರೆ ಮಾತ್ರ ‘ಅಪ್ಪಾ’ ಅನ್ನುತ್ತಿದ್ದಳು. ಅವನು ಸಂಗ್ರಹಿಸುತ್ತಿದ್ದದ್ದು ಹಿತ್ತಾಳೆಯನ್ನೋ ಆ ಒಂದು ಗಂಟೆಯ ಕನ್ನಡವನ್ನೋ, ಕೇಳಿದ್ದರೆ ಅವನೂ ತಡವರಿಸುತ್ತಿದ್ದ.

“ಓದು ಪುಟ್ಟಾ, ಏನಿದೆ ಅದರಲ್ಲಿ?”

“ಬಾಣದ ಮೊನೆ ಅಪ್ಪಾ, ಕೆಳಗೆ ಐ.”

“ಹಿಂದೂಸ್ಥಾನದ ಸರ್ಕಾರಿ ಮಾಲು ಅಂತ. ಮುಂದೆ?”

“ಜೆ, ಎಚ್. ಆಮೇಲೆ ಒಂದು, ಒಂಬತ್ತು, ಒಂದು, ಆರು.”

“ಬರ್ಮಿಂಗ್‌ಹ್ಯಾಮಿನ ಹಿತ್ತಾಳೆ ಕೆಲಸದವನು. ಮೊದಲನೇ ಮಹಾಯುದ್ಧ. ಮೂರಾಯ್ತು. ಈಗ ನಾಲ್ಕನೇದು!”

ಮುಚ್ಚಳದ ಸುತ್ತ ಕರಿಮೇಣ ಮೆತ್ತಿತ್ತು. ಬಿಸಿನೀರಿನಲ್ಲಿ ಅದ್ದಿದ. ಮೇಣ ಕರಗಿ ಜೇನಿನ ವಾಸನೆ ಬಂತು. ಅದರ ಬೆನ್ನಿಗೇ ಸುಟ್ಟ ಕೂದಲಿನ ಕಮಟು. ಮುಚ್ಚಳ ಕಿರುಗುಟ್ಟುತ್ತ ತಿರುಗಿತು. ಒಳಗಿನ ತೊಗಲಿನ ಬಿಲ್ಲೆಯನ್ನು ಸೂಜಿಯಿಂದ ಎಬ್ಬಿಸಿ ಮುಚ್ಚಳವನ್ನು ಮಗಳಿಗೆ ಕೊಟ್ಟ. ಬಾಯ್ದೆರೆದ ಸೀಸೆ ಮೇಜಿನ ಮೇಲೆ, ಅವಳ ಗದ್ದದ ಕೆಳಗೇ ನಿಂತಿತ್ತು. ಬೀದಿಯ ಆಟೋಗಳ ಸದ್ದು ಇದ್ದಕ್ಕಿದ್ದಂತೆ ದೂರವಾಯಿತು.

“ಅಪ್ಪಾ, ಇದು ಅಕ್ಷರ ಅಲ್ಲ. ಮನುಷ್ಯನ ಬೊಂಬೆ. ಚುಕ್ಕಿ ಚುಕ್ಕಿ ಹೊಡೆದು ಮಾಡಿದಾರೆ. ಕಣ್ಣಿದೆ. ಮೂಗಿದೆ. ಬಾಯಿ...”

ಮಾತು ಅಲ್ಲಿಗೆ ನಿಂತಿತು. ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಧನ್ಯಾ ಗಂಟಲು ಹಿಡಿದುಕೊಂಡಳು. ಸೀಸೆಯಿಂದ ತಣ್ಣನೆಯ ಉಸಿರೊಂದು ಎದ್ದು ಅಶ್ವತ್ಥನ ಕೆನ್ನೆ ಸವರಿ ಅಡುಗೆಮನೆ ಕಡೆ ಹೋಯಿತು. ಅವನು ಹೆದರಿ ಮುಚ್ಚಳ ಕಸಿದು ಬಿಗಿದ.

ಅಡುಗೆಮನೆಯಿಂದ ಹೆಂಡತಿ ವಾಸಂತಿ ಸೌಟು ಹಿಡಿದೇ ಬಂದಳು. “ರೀ, ಯಾರೋ ಹುಡುಗ ನನ್ನ ಬೆನ್ನ ಹಿಂದೇನೇ ‘ಅಮ್ಮಾ’ ಅಂದ ಕಣ್ರೀ. ‘ಬಂದೆ ಇರಪ್ಪಾ’ ಅಂತ ತಿರುಗಿ ನೋಡಿದ್ರೆ ಯಾರೂ ಇಲ್ಲ. ಪಾಪ, ತುಂಬ ದಿನದಿಂದ ಕೂಗಿ ಕೂಗಿ ಸೋತಂಥ ದನಿ.” ಆಮೇಲೆ ಮಗಳ ಮುಖ ನೋಡಿದಳು. ಸೌಟು ಬಿತ್ತು.

ಮೂರು ವಾರ ಆಸ್ಪತ್ರೆ ಆಸ್ಪತ್ರೆ ತಿರುಗಿದರು. ಗಂಟಲಲ್ಲಿ ಏನೂ ದೋಷವಿಲ್ಲ ಎಂದರು, ಹೆದರಿಕೆಯಿರಬಹುದು ಎಂದರು. ಧನ್ಯಾ ಎಲ್ಲವನ್ನೂ ಚೀಟಿಯಲ್ಲಿ ಬರೆಯತೊಡಗಿದಳು, ತೆಲುಗಿನಲ್ಲಿ. ಅಶ್ವತ್ಥನಿಗೆ ತೆಲುಗು ಮಾತು ನೀರು ಕುಡಿದಷ್ಟು ಸಲೀಸು, ಲಿಪಿ ಮಾತ್ರ ಅಂಗಡಿಯ ಬೋರ್ಡಿನಿಂದಾಚೆಗೆ ಬಾರದು, ವಾಸಂತಿಗೂ ಅಷ್ಟೇ. ಮಗಳ ಚೀಟಿಗಳನ್ನು ಪಕ್ಕದ ಮನೆಯವರ ಕೈಯಲ್ಲಿ ಓದಿಸಿಕೊಳ್ಳಬೇಕಾಯಿತು. ಒಂದು ದಿನ ಅವರು ಓದಿ ಹೇಳಿದರು: “ನಾನ್ನಾ, ನನ್ನ ಕನ್ನಡ ಬರೀ ಬಾಯಲ್ಲಿತ್ತು. ಈಗ ಅದೂ ಇಲ್ಲ.”

ಅಂದು ಸಂಜೆ ಅವನು ಸೀಸೆಯನ್ನು ಕಿವಿಗಿಟ್ಟುಕೊಂಡ. ಬಾವಿಯ ತಳದಿಂದ ಬಂದಂತೆ ಸಣ್ಣ ದನಿ: “ಕಣ್ಣಿದೆ. ಮೂಗಿದೆ. ಬಾಯಿ...” ಮತ್ತೆ, “ಕಣ್ಣಿದೆ. ಮೂಗಿದೆ. ಬಾಯಿ...”

ಮಾರನೇ ಬೆಳಿಗ್ಗೆ ಮೂವರೂ ವಿಜಯವಾಡದ ರೈಲಿನಲ್ಲಿದ್ದರು.

ಮಾಧವೀಲತಾ ಧನ್ಯಾಳನ್ನು ಕಂಡವಳೇ ಹೊಸ್ತಿಲ ಮೇಲೆ ಕುಸಿದು ಕೂತಳು. “ಹೇಳಿದ್ನಲ್ಲ ಬಾಬೂ... ಅಯ್ಯೋ ತಲ್ಲಿ, ನನ್ನ ಕಂದಾ...” ಆಮೇಲೆ, ಗಂಡ ತನಗೆ ಹೇಳಿದ್ದನ್ನು ಹೇಳಿದಳು. ಬೆಟ್ಟದ ಮೇಲಿನ ಹಳ್ಳಿಯೊಂದರಲ್ಲಿ ಒಬ್ಬ ತಾಯಿ. ಅವಳ ಮಗನನ್ನು ಯುದ್ಧಕ್ಕೆ ಕರೆದೊಯ್ದರು. ಹೆಣ ಬರಲಿಲ್ಲ. ಬಂದದ್ದು ಒಂದು ಸಣ್ಣ ಗಂಟು, ಅದರಲ್ಲಿ ಈ ಸೀಸೆ. ಆಕೆ ಮಂತ್ರಗಾರನ ಕಾಲು ಹಿಡಿದಳು. ಮಗ ಬೇಡ, ಅವನು ನನ್ನನ್ನು ಕೂಗಿದ ದನಿಯೊಂದು ಸಾಕು ಅಂದಳು. ಮಂತ್ರಗಾರ ಮುಚ್ಚಳದೊಳಗೆ ಬೊಂಬೆ ಕೊರೆದು ದನಿ ತರಿಸಿ ಮೇಣ ಬಡಿದ. ಆಕೆ ಸಾಯುವವರೆಗೂ ದಿನಾ ಸೀಸೆಗೆ ಕಿವಿಯಿಟ್ಟು ಮಲಗುತ್ತಿದ್ದಳಂತೆ.

“ಕೆಟ್ಟದ್ದು ಅಂತ ಮಾಡಿದ್ದಲ್ಲ ಬಾಬೂ ಇದು. ಆದರೆ ಸೀಸೆ ಖಾಲಿ ಇರಲ್ಲ. ಒಂದು ದನಿ ಕೊಟ್ಟರೇನೇ ಇನ್ನೊಂದನ್ನ ಬಿಡತ್ತೆ. ತೆರೆದ ಬಾಯಿಗೆ ಯಾರು ಮೊದಲು ಮಾತಾಡ್ತಾರೋ ಅವರದು. ಕೊನೇ ಮಾತು ಏನಿರುತ್ತೋ ಅದೇ ಒಳಗೆ ಉಳಿಯತ್ತೆ.”

“ನಾನು ಕೊಡ್ತೀನಿ,” ಎಂದಳು ವಾಸಂತಿ ತಕ್ಷಣ.

“ಸುಮ್ನಿರೇ. ತೆರೆದವನು ನಾನು.”

“ನಿಮ್ಮ ತಪ್ಪಿಗೆ ಲೆಕ್ಕ ಆಮೇಲೆ ಹಾಕೋಣ ಕಣ್ರೀ. ನಾನು ಹೆತ್ತಿದೀನಿ.”

ನಟ್ಟನಡು ಮಧ್ಯಾಹ್ನ. ಮಾಧವೀಲತಾ ಕೋಣೆಯ ಬಾಗಿಲು ಹಾಕಿ, ಕಿಟಕಿಗೆ ಗೋಣಿ ಇಳಿಬಿಟ್ಟಳು. ಹೊರಗೆ ಉರಿಬಿಸಿಲು, ಒಳಗೆ ಕಗ್ಗತ್ತಲೆ. ತುಕ್ಕಿನ ವಾಸನೆ ನಾಲಗೆಗೆ ಹತ್ತುತ್ತಿತ್ತು. ಧನ್ಯಾ ನಡುವೆ ಕೂತಳು. ಅಶ್ವತ್ಥ ಮನಸ್ಸಿನಲ್ಲೇ ಒಂದು ಮಾತು ಜೋಡಿಸಿಟ್ಟುಕೊಂಡಿದ್ದ. ನೀನೇ ನನ್ನ ಕಣ್ಣು, ಚೆನ್ನಾಗಿ ಬಾಳು ಮಗಳೇ, ಇನ್ನೂ ಏನೇನೋ. ದಾರಿಯುದ್ದಕ್ಕೂ ತಿದ್ದಿದ ಮಾತು.

ಮುಚ್ಚಳ ತಿರುಗಿತು. ಸುಟ್ಟ ಕೂದಲ ಕಮಟು. ಬೆಂಕಿಕಡ್ಡಿ ಗೀರಿ ಮುಚ್ಚಳದೊಳಗೆ ಕಣ್ಣಾಡಿಸಿದ. ಚಾಳೀಸಿನ ಕಣ್ಣಿಗೂ ಕಂಡಿತು. ಒಂದಿದ್ದ ಬೊಂಬೆ ಈಗ ಎರಡು. ಎರಡನೆಯದು ಚಿಕ್ಕದು. ಎರಡು ಜಡೆ. ಬಾಯಿಲ್ಲ.

ಕಡ್ಡಿ ಆರಿತು. ಕತ್ತಲೆ. ಪಕ್ಕದಲ್ಲಿ ಬಳೆ ಸದ್ದು. ವಾಸಂತಿ ಮುಂದಕ್ಕೆ ಬಾಗುತ್ತಿದ್ದಳು. ಅವಳ ಉಸಿರು ಕೇಳಿತು. ಬಾಯಿ ತೆರೆಯುತ್ತಿದ್ದಾಳೆ. ತಡೆಯಬೇಕು. ಕೈ ಚಾಚಿದ. ಅವಳ ಬಾಯಿ ಸಿಕ್ಕಿತು. ಬಿಗಿಯಾಗಿ ಮುಚ್ಚಿದ. ಅವಳು ಕಚ್ಚಿದಳು. ಬಿಡಲಿಲ್ಲ. ಜೋಡಿಸಿಟ್ಟ ಮಾತು ಎಲ್ಲಿ? ಮರೆತುಹೋಗಿತ್ತು. ಒಂದೂ ನೆನಪಿಲ್ಲ. ಸಮಯವಿಲ್ಲ. ನಾಲಗೆಗೆ ಸವೆದು ಅಭ್ಯಾಸವಾದದ್ದೊಂದೇ ಬಂತು. ಅದನ್ನೇ ಸೀಸೆಯ ಬಾಯಿಗೆ ಹೇಳಿದ.

ತಣ್ಣನೆಯ ಉಸಿರು. ಗಂಟಲಿನಿಂದ ಏನೋ ದಾರದಂತೆ ಎಳೆದುಕೊಂಡು ಹೋಯಿತು.

“...ಇಲ್ಲ ಅಪ್ಪಾ!” ಎಂದು ಧನ್ಯಾ ಕಿರುಚಿದಳು. “ಅಪ್ಪಾ? ಅಪ್ಪಾ, ಎಲ್ಲಿದೀಯಾ?”

ಅವಳ ಪಕ್ಕದಲ್ಲೇ ಇದ್ದ. ಇಲ್ಲೇ ಇದೀನಿ ಅನ್ನಲು ಬಾಯಿ ತೆರೆದ.

ಮಾಧವೀಲತಾ ಅಳುತ್ತ ಕರಿಮೇಣ ಕರಗಿಸಿ ಸೀಸೆಯ ಬಾಯಿ ಮುಚ್ಚಿದಳು. ಮುಚ್ಚಳದೊಳಗೆ ಮೂರನೇ ಬೊಂಬೆ ಮೂಡಿರುತ್ತದೆಂದು, ಅದಕ್ಕೆ ಕನ್ನಡಕವಿರುತ್ತದೆಂದು ಅಶ್ವತ್ಥನಿಗೆ ನೋಡದೆಯೇ ತಿಳಿದಿತ್ತು. ಅವನು ಬರೆದುಕೊಳ್ಳದೆ ಬಿಟ್ಟ ಗುರುತು ಅದೊಂದೇ.

ಈಗ ಅವನು ಕಾರ್ಖಾನೆಯಲ್ಲಿ ಕಡತದ ಕೆಲಸ ಮಾಡುತ್ತಾನೆ. ಮನೆಯಲ್ಲಿ ಚೀಟಿ ಬರೆದರೆ ಕನ್ನಡದಲ್ಲೇ ಬರುತ್ತದೆ. ಮಗಳಿಗೆ ಓದಲು ಬಾರದು, ವಾಸಂತಿ ಓದಿ ಹೇಳುತ್ತಾಳೆ. ವಾಸಂತಿಯ ಬೆನ್ನ ಹಿಂದೆ ಒಮ್ಮೊಮ್ಮೆ ಆ ಹುಡುಗನ ದನಿ ಇನ್ನೂ ‘ಅಮ್ಮಾ’ ಅನ್ನುವುದುಂಟು. ಅವಳು ಹೆದರುವುದಿಲ್ಲ. “ಬಂದೆ ಇರಪ್ಪಾ,” ಅನ್ನುತ್ತಾಳೆ.

ಭಾನುವಾರ ಮಧ್ಯಾಹ್ನ ಧನ್ಯಾ ಮೇಜಿನ ಮುಂದೆ ಕೂರುತ್ತಾಳೆ. ಅಶ್ವತ್ಥ ಎದುರಿಗೆ ಕೂತು ಪೆನ್ನು ತೆರೆಯುತ್ತಾನೆ. ವಿಜಯವಾಡದಿಂದ ಜೊತೆಗೇ ತಂದ ಸೀಸೆಯನ್ನು ಅವಳು ಕಿವಿಗೆ ಹಿಡಿಯುತ್ತಾಳೆ. ಬಾವಿಯ ತಳದಿಂದ ಬರುತ್ತದೆ:

“ಓದು ಪುಟ್ಟಾ, ಏನಿದೆ ಅದರಲ್ಲಿ?”

“ಬಾಣದ ಮೊನೆ ಅಪ್ಪಾ,” ಎನ್ನುತ್ತಾಳೆ ಅವಳು, ಎದುರಿಗಿರುವ ಮುಖವನ್ನೇ ನೋಡುತ್ತ. “ಕೆಳಗೆ ಐ.”

ಮುಂದೆ ಎಂದು ಕೇಳುವ ದನಿ ಅದರಲ್ಲಿಲ್ಲ. ಅವಳು ಸೀಸೆಯನ್ನು ಕಿವಿಯಿಂದಿಳಿಸಿ ಕಣ್ಣಿನ ಮುಂದೆ ಹಿಡಿಯುತ್ತಾಳೆ. ಆಮೇಲೆ ತಾನೇ ಮುಂದಿನದನ್ನು ಓದುತ್ತಾಳೆ.